ನೋಟು ಹಿಡಿದು ಬಂದವರನ್ನು ವಾಪಸ್ ಕಳಿಸಬೇಡಿ

ತೀರ್ಥಹಳ್ಳಿ ಕಡೆಯ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು: "ಪೇಟೆಗೆ ಬಿಪಿ ಮಾತ್ರೆ ತರಲು ಹೋಗಿದ್ದೆ. 500ರ ನೋಟು ಕೊಟ್ಟರೆ ಅಂಗಡಿ ಹುಡುಗ ಚಿಲ್ಲರೆ ಇಲ್ಲ, ಫೋನ್‌ಪೇ ಮಾಡಿ ಅಂದ. ನನ್ನದು ಬಟನ್ ಫೋನು. ಹಿಂದೆ ನಿಂತಿದ್ದವರು ತಮ್ಮ ಫೋನಿಂದ ಕೊಟ್ಟರು. ಅವರಿಗೆ ನೋಟು ಕೊಡೋಣ ಅಂದ್ರೆ ಅವರ ಹತ್ತಿರವೂ ಚಿಲ್ಲರೆ ಇಲ್ಲ. ಇರಲಿ ಬಿಡಿ ಅಮ್ಮಾ ಅಂತ ಹೋಗೇಬಿಟ್ಟರು. ಕೈಯಲ್ಲಿ ದುಡ್ಡಿದ್ದೂ ಬೇರೆಯವರ ದುಡ್ಡಲ್ಲಿ ಮಾತ್ರೆ ತಂದ ಹಾಗಾಯ್ತು. ನೋಟು ಬೇಡ ಅನ್ನೋದು ಸರಿಯಾ? ನಮ್ಮಂಥವರು ಏನು ಮಾಡಬೇಕು?"

ಅಮ್ಮಾ, ನಮಸ್ಕಾರ.

ಸರಿಯಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ನಿಮ್ಮ ಕೈಯಲ್ಲಿದ್ದ ನೋಟು ದೇಶದ ಯಾವ ಮೂಲೆಗೆ ಹೋದರೂ ಕಾನೂನುಬದ್ಧ ಹಣ. ಚಿಲ್ಲರೆ ನಿಜವಾಗಿಯೂ ಇಲ್ಲದಿದ್ದರೆ ಪಕ್ಕದ ಅಂಗಡಿಯಲ್ಲಿ ಮುರಿಸಿ ತರಬಹುದಿತ್ತು, ಇಲ್ಲವೇ ಬಾಕಿ ಬರೆದುಕೊಂಡು ಮಾತ್ರೆ ಕೊಡಬಹುದಿತ್ತು. ನಮ್ಮೂರ ಅಂಗಡಿಗಳು ನಡೆದದ್ದೇ ಹಾಗೆ ಅಲ್ವಾ? 10 ರೂಪಾಯಿ ನಾಣ್ಯದ್ದೂ ಇದೇ ಕತೆ. ಅಲ್ಲಿಯವರೆಗೆ ಬಂದಿದ್ದ 14 ವಿನ್ಯಾಸಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆದರೂ ಬೇಡ ಅನ್ನುವವರು ಇದ್ದಾರೆ.

ಹಾಗಂತ ಫೋನಿನ ಪಾವತಿಯೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಯುಪಿಐ ಶುರುವಾದದ್ದು 2016ರಲ್ಲಿ, ಅದೇ ವರ್ಷ ನವೆಂಬರ್ 8ರ ರಾತ್ರಿ ನೋಟು ರದ್ದಾಗಿ ಎಲ್ಲರೂ ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತೆವು. ಆಮೇಲೆ ಕೊರೊನಾ ಬಂತು, ನೋಟು ಮುಟ್ಟಲು ಜನ ಹೆದರಿದರು. ಕಾರ್ಡ್ ಉಜ್ಜುವ ಮಷೀನಿಗೆ ಶುಲ್ಕ ಇತ್ತು, ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿಗಳು ಆ ಶುಲ್ಕ ಕೊಡಬೇಕಿಲ್ಲ. ಒಂದು ಹಾಳೆ ಅಂಟಿಸಿದರೆ ಮುಗಿಯಿತು. ಇವತ್ತು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೊಪ್ಪಿನ ಕಟ್ಟಿನ ಪಕ್ಕದಲ್ಲೇ ಕ್ಯೂಆರ್ ಹಾಳೆ ಇರುತ್ತದೆ. ಚಿಲ್ಲರೆ ಬದಲು ಚಾಕಲೇಟ್ ಕೊಡುವುದು ಕಡಿಮೆಯಾಗಿದೆ. ಬೆಂಗಳೂರಿನಲ್ಲಿರುವ ಮಗ ಅಪ್ಪನ ಆಸ್ಪತ್ರೆ ಖರ್ಚಿಗೆ ಮಧ್ಯರಾತ್ರಿಯಲ್ಲೂ ದುಡ್ಡು ಹಾಕಬಹುದು. ಇದು ಸಣ್ಣ ಉಪಕಾರ ಅಲ್ಲ.

ನನಗೆ ಚಿಂತೆ ಇರುವುದು ಬೇರೆ ಕಡೆ. ದುಡ್ಡು ಫೋನಿಗೆ ಬಂದಮೇಲೆ ಅದು ಯಾರ ಕೈಯಲ್ಲಿದೆ?

ಅಡಿಕೆ ಸುಗ್ಗಿಯಲ್ಲಿ ಯಾವುದಾದರೂ ಮನೆಯಂಗಳಕ್ಕೆ ಹೋಗಿ ನೋಡಿ. ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ರಾತ್ರಿವರೆಗೂ ಅಡಿಕೆ ಸುಲಿಯುತ್ತಾರೆ, ಕೆಲವು ಕಡೆ ಡಬ್ಬಕ್ಕಿಷ್ಟು, ಕೆಲವು ಕಡೆ ಕೆಜಿಗಿಷ್ಟು ಅಂತ ಲೆಕ್ಕ, ಬೆರಳೆಲ್ಲ ಕಪ್ಪಾಗಿರುತ್ತದೆ. ಮೊದಲು ಲೆಕ್ಕ ಮುಗಿದ ದಿನ ನೋಟು ಅವಳ ಕೈಗೇ ಬರುತ್ತಿತ್ತು. ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು, ಅದರಲ್ಲಿ ಒಂದಿಷ್ಟು ಸಾಸಿವೆ ಡಬ್ಬಿಗೆ ಹೋಗುತ್ತಿತ್ತು, ಒಂದಿಷ್ಟು ಸ್ವಸಹಾಯ ಸಂಘದ ಕಂತಿಗೆ. ಈಗ ಎಷ್ಟೋ ಕಡೆ ಯಜಮಾನರು "ನಿನ್ನ ಗಂಡನ ನಂಬರಿಗೆ ಹಾಕಿದೀನಿ ನೋಡು" ಅನ್ನುತ್ತಾರೆ. ಅವರಿಗೆ ಕೆಟ್ಟ ಉದ್ದೇಶ ಏನೂ ಇಲ್ಲ, ನೋಟು ಎಣಿಸುವ ಕೆಲಸ ತಪ್ಪಿತು ಅಷ್ಟೇ. ಆದರೆ ಅವಳು ಮನೆ ಮುಟ್ಟುವ ಹೊತ್ತಿಗೆ ಆ ದುಡ್ಡಿನಲ್ಲಿ ಎಷ್ಟು ಉಳಿದಿದೆ ಅನ್ನುವುದು ಅವಳಿಗೇ ಗೊತ್ತಿರುವುದಿಲ್ಲ. ದುಡಿದವಳು ಅವಳು, ಕೇಳಿ ಇಸ್ಕೊಳ್ಳಬೇಕಾದವಳೂ ಅವಳೇ. ಇದು ನನಗೆ ತುಂಬಾ ನೋವಿನ ವಿಷಯ. ಇದನ್ನು ಓದುತ್ತಿರುವ ತೋಟದ ಯಜಮಾನರಲ್ಲಿ ಒಂದೇ ಕೇಳಿಕೆ: ಕೂಲಿಯನ್ನು ದುಡಿದವರ ಕೈಗೇ ಕೊಡಿ, ಇಲ್ಲ ಅವರದೇ ಖಾತೆಗೆ ಹಾಕಿ. ಗೃಹಲಕ್ಷ್ಮಿ ಹಣ ಬರುವ ಖಾತೆ ಬಹಳ ಜನರಿಗೆ ಇದ್ದೇ ಇದೆ.

ಆ ಖಾತೆಯಲ್ಲೂ ಒಂದು ತೊಡಕಿದೆ, ನೀವೂ ನೋಡಿಕೊಳ್ಳಿ. ಪಾಸ್‌ಬುಕ್ ತಾಯಿಯದು, ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರ್ ಮಗನದೋ ಅಳಿಯನದೋ ಆಗಿರುತ್ತದೆ. ಆಗ ಓಟಿಪಿ, ಮೆಸೇಜು ಎಲ್ಲ ಅಲ್ಲಿಗೇ ಹೋಗುತ್ತದೆ. ನಿಮ್ಮ ಬಟನ್ ಫೋನಿನ ನಂಬರನ್ನೇ ಖಾತೆಗೆ ಸೇರಿಸಿ ಎಂದು ಬ್ಯಾಂಕಿನಲ್ಲಿ ಅರ್ಜಿ ಕೊಡಿ. ಅಷ್ಟಾದರೆ ದುಡ್ಡು ಬಂದದ್ದೂ ಹೋದದ್ದೂ ನಿಮಗೇ ಗೊತ್ತಾಗುತ್ತದೆ. ಮನಸ್ಸಿದ್ದರೆ ಆ ಫೋನಿನಿಂದಲೇ ಪಾವತಿಯನ್ನೂ ಮಾಡಬಹುದು. ಬಟನ್ ಫೋನಿನವರಿಗಾಗಿ ಯುಪಿಐ 123ಪೇ ಎಂಬ ವ್ಯವಸ್ಥೆ 2022ರಲ್ಲಿ ಬಂದಿದೆ, ಅದಕ್ಕೆ ಇಂಟರ್ನೆಟ್ ಬೇಡ. ನಿಮಗೆ ನಂಬಿಕೆ ಇರುವ ಯಾರಾದರೂ ಪಕ್ಕ ಕೂತು ಒಮ್ಮೆ ತೋರಿಸಿಕೊಡಲಿ, ಪಿನ್ ಮಾತ್ರ ಅವರಿಗೂ ಹೇಳಬೇಡಿ. ಇನ್ನೊಂದು ಮಾತು. ದುಡ್ಡು ಕೊಡುವಾಗ ಪಿನ್ ಬೇಕು, ಬರುವ ದುಡ್ಡಿಗೆ ಬೇಡವೇ ಬೇಡ. "ನಿಮಗೆ ಹಣ ಬಂದಿದೆ, ಪಿನ್ ಒತ್ತಿ" ಅಂತ ಯಾರಾದರೂ ಫೋನ್ ಮಾಡಿದರೆ ಅವನು ಕಳ್ಳ. ಮೋಸ ಹೋದೆ ಅನ್ನಿಸಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ನೋಡೋಣ ಅಂತ ಬಿಡಬೇಡಿ.

ಕಲಿಯುವುದು ಬೇಡ ಅನ್ನಿಸಿದರೆ ಬೇಡ. ಯಾರೂ ನಿಮ್ಮನ್ನು ಒತ್ತಾಯ ಮಾಡುವಂತಿಲ್ಲ.

ಮಲೆನಾಡಿನಲ್ಲಿ ಕೂತು ನೋಟು ಬೇಡ ಅನ್ನುವುದು ನನಗಂತೂ ಅರ್ಥವಾಗುವುದಿಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಆಗುಂಬೆ, ಬಿದನೂರು ನಗರ, ಹೊಸನಗರದ ಕಡೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮರ ಬಿದ್ದು ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಖಾಲಿಯಾಗುತ್ತದೆ, ಆಮೇಲೆ ಫೋನಿನಲ್ಲಿ ಲಕ್ಷ ರೂಪಾಯಿ ಇದ್ದರೂ ಒಂದು ಬೆಂಕಿಪೊಟ್ಟಣ ಬರುವುದಿಲ್ಲ. ಮಳೆ ಇಲ್ಲದ ದಿನವೂ ಗುಡ್ಡದ ಮೇಲಿನ ಅಂಗಡಿಗಳಲ್ಲಿ ಗಿರಾಕಿ ಫೋನ್ ಎತ್ತಿ ಹಿಡಿದು ರಸ್ತೆಯ ಆಚೆ ಈಚೆ ಸಿಗ್ನಲ್ ಹುಡುಕುತ್ತಿರುತ್ತಾನೆ, ಚಕ್ರ ಸುಮ್ನೆ ತಿರುಗುತ್ತಿರುತ್ತದೆ. ಹಣ ಕಡಿತವಾಗಿ ಅಂಗಡಿಗೆ ತಲುಪದಿದ್ದರೆ ಅದು ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟದ್ದಾದರೆ ಐದು ದಿನ, ಒಬ್ಬರಿಂದ ಒಬ್ಬರಿಗೆ ಕಳಿಸಿದ್ದಾದರೆ ಮರುದಿನ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. 2019ರ ರಿಸರ್ವ್ ಬ್ಯಾಂಕ್ ನಿಯಮ ಅದು. ಬ್ಯಾಂಕಿನಲ್ಲಿ ಧೈರ್ಯವಾಗಿ ಕೇಳಿ.

ಅಂಗಡಿಯವರಿಗೂ ಒಂದು ಮಾತು ಹೇಳಬೇಕು. 2025ರ ಜುಲೈ ನೆನಪಿದೆಯಲ್ಲ? ಯುಪಿಐ ವಹಿವಾಟು ನೋಡಿ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳವರು ಕ್ಯೂಆರ್ ಹಾಳೆ ಕಿತ್ತು "ನಗದು ಮಾತ್ರ" ಎಂದು ಬೋರ್ಡು ಹಾಕಿದರು. ಆಗ ಜೇಬಿನಲ್ಲಿ ನೋಟಿಲ್ಲದ ಹುಡುಗರು ಬರಿಗೈಲಿ ವಾಪಸ್ ಹೋದರು. ಅದೂ ತಪ್ಪೇ, ನಿಮಗಾದದ್ದೂ ತಪ್ಪೇ. ಗಲ್ಲಾಪೆಟ್ಟಿಗೆಯಲ್ಲಿ ಒಂದಿಷ್ಟು ಹತ್ತು, ಇಪ್ಪತ್ತರ ನೋಟು ಇಟ್ಟುಕೊಳ್ಳುವುದು ಯಾವ ಅಂಗಡಿಗೂ ಭಾರವಲ್ಲ. ಔಷಧಿ ಅಂಗಡಿಗಂತೂ ಅದು ಕರ್ತವ್ಯ. ಮುಂದಿನ ಸಲ ಹುಡುಗನ ಹತ್ತಿರ ವಾದ ಮಾಡಬೇಡಿ, ಮಾಲೀಕರನ್ನು ಕರೆಸಿ ಮಾತಾಡಿ. ಹುಡುಗನಿಗೆ ಹೇಳಿಕೊಟ್ಟವರು ಅವರೇ ತಾನೆ?

ಪತ್ರದ ಕೊನೆಯಲ್ಲಿ ಚಂದಾ ಹಣ ಹೇಗೆ ಕಳಿಸಲಿ ಎಂದು ಕೇಳಿದ್ದೀರಿ. ಪತ್ರಿಕೆ ತಂದುಕೊಡುವ ಹುಡುಗನ ಕೈಗೆ ನಗದನ್ನೇ ಕೊಡಿ, ರಸೀದಿ ಇಸ್ಕೊಳ್ಳಿ. ಚಿಲ್ಲರೆ ಇಟ್ಟುಕೊಂಡೇ ಬರಬೇಕು ಎಂದು ಅವನಿಗೆ ಹೇಳಿದ್ದೇನೆ.