ಪ್ರತಿಕ್ರಿಯೆ: ನೈಟ್ ಡ್ಯೂಟಿಲಿ ಅಜ್ಜನ ಕೈ ಕಟ್ಟಿದ್ದು ತಪ್ಪಾ?

ಸಿಸ್ಟರ್, ಡಾಕ್ಟರ್ ಹೇಳಿದ್ರು ಅಂತ ಅಜ್ಜನ ಕೈ ಮಂಚಕ್ಕೆ ಕಟ್ಟಿದೆ, ಮನೆಗೆ ಬಂದ್ರೂ ನಿದ್ದೆ ಇಲ್ಲ, ಈ ಕೆಲ್ಸಕ್ಕೆ ನಾನು ಲಾಯಕ್ಕಿಲ್ವಾ ಅಂತ ಕೇಳಿದೀರಲ್ಲ, ಓದಿ ಕರುಳು ಚುರುಕ್ ಅಂತು. ಲಾಯಕ್ಕಿದೀರಿ, ಅದಕ್ಕೇ ನಿದ್ದೆ ಬರ್ತಿಲ್ಲ. ಸರಿ ಯಾವ್ದು ಅಂತ ಗೊತ್ತಿದ್ದೂ ಮಾಡೋಕಾಗದ ಈ ಸಂಕಟಕ್ಕೆ 1984ರಲ್ಲೇ ಆಂಡ್ರ್ಯೂ ಜೇಮ್‌ಟನ್ ಅನ್ನೋರು ನರ್ಸ್‌ಗಳ ಬಗ್ಗೆ ಬರೀತಾ ಮಾರಲ್ ಡಿಸ್ಟ್ರೆಸ್ ಅಂತ ಹೆಸರು ಕೊಟ್ಟಿದಾರೆ.

ನಾನಿರೋದು ಕಾರವಾರ ಕಡೆ. ಒಂದು ಮಳೆಗಾಲ ಮೀನು ಮಾರೋ ಅಜ್ಜಿ ಒಬ್ರು, ಸೊಂಟದ ಆಪರೇಷನ್ ಆಗಿ ಎರಡ್ನೇ ರಾತ್ರಿ, ದೋಣಿ ಬಂತು ಬುಟ್ಟಿ ಕೊಡು ಅಂತ ಎದ್ದೆದ್ದು ಕೂರೋರು, ಡ್ರಿಪ್ ಹಾಕಿದ್ದ ಐವಿ ಸೂಜಿ ಕಿತ್ರು, ಕೊನೆಗೆ ಬ್ಯಾಂಡೇಜ್ ಬಟ್ಟೇಲಿ ಕೈ ಕಟ್ಟಿದ್ದು ನಾನೇ. ಬೆಳಿಗ್ಗೆ ಬಿಚ್ಚಿದ್ರೆ ಹಸಿರು ಬಳೆ ಕೆಳಗೆ ಕೆಂಪು ಗೆರೆ, ಇವತ್ತಿಗೂ ಕಣ್ಮುಂದೆ ಇದೆ. ಆಮೇಲೆ ನೋಡಿದ್ರೆ ಉಚ್ಚೆ ಕಟ್ಟಿ ಕಿಬ್ಬೊಟ್ಟೆ ಗಟ್ಟಿಯಾಗಿತ್ತು! ಉಚ್ಚೆ ಹೋಗೋಕೆ ಕ್ಯಾಥೆಟರ್ ನಳಿಕೆ ಹಾಕಿದ್ಮೇಲೆ ಅರ್ಧ ಶಾಂತ ಆದ್ರು, ಆಯಾ ಪಕ್ಕ ಕೂತು ಕೊಂಕಣೀಲಿ ಮಾತಾಡಿಸಿದ್ಮೇಲೆ ಇನ್ನರ್ಧ.

ಕಟ್ಟಿದ್ರೆ ಡೆಲಿರಿಯಂ, ಅಂದ್ರೆ ಕಾಯಿಲೆ, ಆಪರೇಷನ್ ಟೈಮಲ್ಲಿ ಇದ್ದಕ್ಕಿದ್ದಂಗೆ ಬರೋ ಈ ಬುದ್ಧಿಗೊಂದಲ, ಇನ್ನೂ ಕೆರಳುತ್ತೆ ಸಿಸ್ಟರ್. ಉಚ್ಚೆ, ಮಲಬದ್ಧತೆ, ನೋವು, ಜ್ವರ, ರಕ್ತದಲ್ಲಿ ಸೋಡಿಯಂ ಏರುಪೇರು, ಹೊಸದಾಗಿ ಕೊಟ್ಟ ನಿದ್ದೆ ಮಾತ್ರೆ, ಇವನ್ನ ಮೊದ್ಲು ನೋಡಿ, ಕನ್ನಡಕ, ಕಿವಿ ಮಷೀನ್ ಹಾಕ್ಸಿ, ರಾತ್ರಿ ಮನೆಯವ್ರು ಒಬ್ರನ್ನ ಬಿಡಿ ಅಂತ ಇನ್‌ಚಾರ್ಜ್ ಹತ್ರ ಗಟ್ಟಿಯಾಗೇ ಕೇಳಿ, ಕೇಳಿದ್ದನ್ನ ನೋಟ್ಸಲ್ಲಿ ಬರೀರಿ. ಇಡೀ ವಾರ್ಡಿಗೆ ಒಬ್ರನ್ನೇ ಹಾಕಿದ್ದು ನಿಮ್ಮ ತಪ್ಪಲ್ಲ.

ಅಜ್ಜ ಇನ್ನೂ ಅಡ್ಮಿಟ್ ಇದ್ರೆ ನಾಳೆ ಹೋಗಿ ಎರಡು ನಿಮಿಷ ಕೈ ಹಿಡ್ಕೊಂಡು ಕೂರಿ. ಹೇಗಿದಾರೆ ಅಂತ ಇಲ್ಲೇ ಬರೀರಿ, ನಾನು ನೋಡ್ತಾ ಇರ್ತೀನಿ.