ರಾತ್ರಿ ಹೊತ್ತು ಕಾರು ಯಾಕೆ ಕೂಗಿಕೊಳ್ಳುತ್ತದೆ?

ಪ್ರಶ್ನೆ: ನಮ್ಮ ಕಾರು ಏಳು ವರ್ಷ ಹಳೆಯದು. ಕಂಪನಿಯಿಂದಲೇ ಬಂದ ಅಲಾರಂ ಇದೆ. ಈಚೆಗೆ ರಾತ್ರಿ ಹೊತ್ತು ತಾನೇ ತಾನಾಗಿ ಹಾರ್ನ್ ಹೊಡೆಯುತ್ತದೆ. ಮಳೆ ಬಂದ ದಿನ ಜಾಸ್ತಿ. ಎದ್ದು ಹೋಗಿ ನೋಡಿದರೆ ಯಾರೂ ಇರುವುದಿಲ್ಲ. ಅಕ್ಕಪಕ್ಕದವರು ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದಾರೆ. ಫ್ಯೂಸ್ ಕಿತ್ತುಬಿಡಲೇ? ಕಿತ್ತರೆ ಕಾರಿಗೆ ರಕ್ಷಣೆ ಇರುತ್ತದೆಯೇ?

ಉತ್ತರ: ಸ್ವಲ್ಪ ತಡೆಯಿರಿ ಸ್ವಾಮಿ, ಫ್ಯೂಸ್‌ಗೆ ಕೈ ಹಾಕಬೇಡಿ. ಮಳೆ ಬಂದ ದಿನ ಜಾಸ್ತಿ ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ನನ್ನ ಅನುಮಾನ ಬಾನೆಟ್ ಸ್ವಿಚ್ ಮೇಲೆ.

ಕಳ್ಳ ಯಾರು, ಮಾಲೀಕ ಯಾರು ಅಂತ ಅಲಾರಂಗೆ ಗೊತ್ತಾಗುವುದಿಲ್ಲ. ಬಾಗಿಲುಗಳಿಗೆ, ಡಿಕ್ಕಿಗೆ, ಬಾನೆಟ್‌ಗೆ ಒಂದೊಂದು ಸಣ್ಣ ಸ್ವಿಚ್ ಇರುತ್ತದೆ. ಅದು ನಂಬುವುದು ಆ ಸ್ವಿಚ್‌ಗಳನ್ನು ಮಾತ್ರ. ಅವುಗಳ ವೈರು ಹೋಗಿ ಸೇರುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಡಬ್ಬಿಗೆ. ನಾವು ಗ್ಯಾರೇಜಿನಲ್ಲಿ ಬಿಸಿಎಂ ಅನ್ನುತ್ತೇವೆ. ನೀವು ರಿಮೋಟ್‌ನಿಂದ ಲಾಕ್ ಮಾಡಿದ ಮೇಲೆ ಎಲ್ಲವೂ ಮುಚ್ಚಿದೆ ಅಂತ ಬಿಸಿಎಂ ಖಾತ್ರಿ ಮಾಡಿಕೊಳ್ಳುತ್ತದೆ. ಎಷ್ಟೋ ಕಾರುಗಳಲ್ಲಿ ಸುಮಾರು ಅರ್ಧ ನಿಮಿಷ ಬಿಟ್ಟು ಕಾವಲಿಗೆ ಕೂರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಸಣ್ಣ ಕೆಂಪು ದೀಪ ಮಿನುಗುವುದು ಅದಕ್ಕೇ. ಆಮೇಲೆ ರಿಮೋಟ್ ಒತ್ತದೇ ಯಾವುದಾದರೂ ಒಂದು ಸ್ವಿಚ್ ‘ತೆರೆದಿದೆ’ ಅಂದರೆ ಸಾಕು, ಹಾರ್ನ್ ಶುರು, ನಾಲ್ಕೂ ಇಂಡಿಕೇಟರ್ ಶುರು.

ಇವುಗಳಲ್ಲಿ ಪಾಪದ ಸ್ವಿಚ್ ಬಾನೆಟ್‌ನದು. ಬಾಗಿಲಿನದು ಲಾಕ್ ಒಳಗೆ ಬೆಚ್ಚಗಿರುತ್ತದೆ. ಇದು ಮಾತ್ರ ಗ್ರಿಲ್ ಹಿಂದೆ ನೀರು, ಕೆಸರು, ಇಂಜಿನ್ ಬಿಸಿ ಎಲ್ಲಾ ತಿನ್ನುತ್ತಾ ಇರುತ್ತದೆ. ಬಾನೆಟ್ ಎತ್ತಿ, ಲಾಕ್ ಪಕ್ಕದಿಂದ ಹೊರಡುವ ತೆಳು ವೈರಿನ ಕನೆಕ್ಟರ್ ಬಿಚ್ಚಿ ನೋಡಿ. ಪಿನ್‌ಗಳ ಮೇಲೆ ಹಸಿರು ಪುಡಿ ಕಟ್ಟಿದ್ದರೆ ಕಳ್ಳ ಸಿಕ್ಕ ಅಂತಲೇ ಲೆಕ್ಕ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ ಹಾಕಿ. ಹಾಗೇ ಬಾನೆಟ್ ಕೂರುವ ರಬ್ಬರ್ ಗುಂಡಿಗಳನ್ನೂ ನೋಡಿ. ಎಷ್ಟೋ ಕಾರುಗಳಲ್ಲಿ ಅವನ್ನು ತಿರುಗಿಸಿ ಏರಿಸಬಹುದು, ಇಳಿಸಬಹುದು. ಮುಂದೆ ಗುದ್ದಿಸಿಕೊಂಡು ಡೆಂಟಿಂಗ್ ಮಾಡಿಸಿದ ಕಾರಾದರೆ ಬಾನೆಟ್ ಒಂದೆಳೆ ಎತ್ತರಕ್ಕೆ ಕೂತಿರುತ್ತದೆ, ಸ್ವಿಚ್ ಪೂರ್ತಿ ಒತ್ತಿರುವುದಿಲ್ಲ.

ಇದೆಲ್ಲ ಸರಿ ಇದ್ದರೆ ಬ್ಯಾಟರಿ ನೋಡಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ಇರಬೇಕು. 12.2ಕ್ಕಿಂತ ಕೆಳಗೆ ಬಂದಿದ್ದರೆ ಅರ್ಧ ಖಾಲಿ. ವೋಲ್ಟೇಜ್ ಕುಸಿದಾಗ ಬಿಸಿಎಂಗೂ ತಲೆ ಕೆಡುತ್ತದೆ.

ಇನ್ನು ರಕ್ಷಣೆಯ ಮಾತು. ಕೂಗುವುದು ಅಲಾರಂ ಕೆಲಸ, ಕಾರು ಹೋಗದಂತೆ ತಡೆಯುವುದು ಇಮೊಬಿಲೈಸರ್ ಕೆಲಸ. ಎರಡೂ ಬೇರೆ ಬೇರೆ. ಇಮೊಬಿಲೈಸರ್ ಇರುವ ಕಾರಿನ ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಸುತ್ತ ಇರುವ ತಂತಿಯ ಸುರುಳಿಯೇ ಗಾಳಿಯಲ್ಲಿ ಅದಕ್ಕೆ ಕರೆಂಟು ಕೊಟ್ಟು, ಒಳಗಿನ ಗುರುತನ್ನು ಓದುತ್ತದೆ. ಗುರುತು ತಾಳೆಯಾಗದಿದ್ದರೆ ಇಂಜಿನ್ ಓಡುವುದಿಲ್ಲ. ಯುರೋಪಿನಲ್ಲಿ 1998ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಅಮೆರಿಕದಲ್ಲಿ ಕಡ್ಡಾಯ ಇರಲಿಲ್ಲ. ಅಲ್ಲಿ ಇಮೊಬಿಲೈಸರ್ ಇಲ್ಲದ ಕೆಲವು ಹ್ಯುಂಡೈ, ಕಿಯಾ ಕಾರುಗಳನ್ನು ಹುಡುಗರು ಯುಎಸ್‌ಬಿ ಕೇಬಲ್‌ನ ತುದಿಯಿಂದಲೇ ಸ್ಟಾರ್ಟ್ ಮಾಡಿಕೊಂಡು ಹೋದರು. 2023ರಲ್ಲಿ ಕಂಪನಿಗಳು ಸಾಫ್ಟ್‌ವೇರ್ ಬದಲಿಸಿ ಅಲಾರಂ ಸದ್ದನ್ನು 30 ಸೆಕೆಂಡಿನಿಂದ ಒಂದು ನಿಮಿಷಕ್ಕೆ ಏರಿಸಿದವು, ಲಾಕ್ ಆದ ಕಾರು ಬರೀ ಇಗ್ನಿಷನ್ ತಿರುಗಿಸಿದರೆ ಸ್ಟಾರ್ಟ್ ಆಗದಂತೆಯೂ ಮಾಡಿದವು.

ಹಾಗಾಗಿ ನಿಮ್ಮ ಕಾರಿಗೆ ಇಮೊಬಿಲೈಸರ್ ಇದ್ದರೆ, ಹಾರ್ನ್ ಫ್ಯೂಸ್ ಕಿತ್ತರೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಆದರೆ ಹಾರ್ನ್ ಇಲ್ಲದೆ ರಸ್ತೆಗೆ ಇಳಿಯುತ್ತೀರಾ? ಸ್ವಿಚ್ ರಿಪೇರಿ ಮಾಡಿಸಿ. ಇದು ಬೇಡ ಅಂತ ಹೊರಗಿನ ಅಲಾರಂ ಹಾಕಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ಅವರು ವೈರ್ ಕೊಯ್ದು ಟೇಪ್ ಸುತ್ತಿ ಹೋಗುತ್ತಾರೆ, ಆಮೇಲೆ ಅದನ್ನು ಹುಡುಕುತ್ತಾ ಕೂರುವವರು ನಮ್ಮಂಥವರು.

ಪ್ರಶ್ನೆ: ರಿಮೋಟ್ ಸೆಲ್ ಮುಗಿದಿತ್ತು. ಕೀಲಿಯಿಂದಲೇ ಬಾಗಿಲು ತೆಗೆದೆ. ಕಾರು ಬೀದಿಗೆಲ್ಲ ಕೇಳುವಂತೆ ಬಡಿದುಕೊಂಡಿತು. ನನ್ನದೇ ಕೀಲಿ ಅಲ್ವಾ?

ಉತ್ತರ: ನಿಮ್ಮದೇ. ಆದರೆ ತುಂಬಾ ಕಾರುಗಳಲ್ಲಿ ಬಾಗಿಲಿನ ಕೀಲಿ ಕಿಂಡಿ ಬಿಸಿಎಂಗೆ ಏನೂ ಹೇಳುವುದಿಲ್ಲ. ಗಾಬರಿಯಾಗದೆ ಒಳಗೆ ಕೂತು ಇಗ್ನಿಷನ್ ಆನ್ ಮಾಡಿ. ಚಿಪ್ ಗುರುತು ಸಿಕ್ಕ ಕೂಡಲೇ ಸುಮ್ಮನಾಗುತ್ತದೆ. ಬಟನ್ ಸ್ಟಾರ್ಟ್ ಕಾರಾದರೆ ಹೆಚ್ಚಿನವುಗಳಲ್ಲಿ ರಿಮೋಟನ್ನು ಬಟನ್‌ಗೇ ತಾಗಿಸಿ ಒತ್ತಬೇಕು. ಕೆಲವದರಲ್ಲಿ ಇಡುವ ಜಾಗ ಬೇರೆ ಇರುತ್ತದೆ, ಮ್ಯಾನ್ಯುಯಲ್ ನೋಡಿ.

ಪ್ರಶ್ನೆ: ಕಿಟಕಿ ಗಾಜು ಒಡೆದು ಬ್ಯಾಗ್ ಎತ್ತಿಕೊಂಡು ಹೋದರು. ಅಲಾರಂ ಪಿಟಿಕ್ ಅನ್ನಲಿಲ್ಲ. ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಬಾಗಿಲು ತೆರೆಯಲಿಲ್ಲ, ಸ್ವಿಚ್ ಅಲುಗಲಿಲ್ಲ, ಅಷ್ಟೇ. ಪರೀಕ್ಷೆ ಮಾಡಿ ನೋಡಿ: ಮುಂದಿನ ಕಿಟಕಿ ಇಳಿಸಿ, ಕೆಳಗಿಳಿದು ರಿಮೋಟ್‌ನಿಂದ ಲಾಕ್ ಮಾಡಿ. ಒಂದು ನಿಮಿಷ ಬಿಟ್ಟು ಕಿಟಕಿಯಿಂದ ಕೈ ಹಾಕಿ ಒಳಗಿನ ಹಿಡಿಕೆ ಎಳೆದು ಬಾಗಿಲು ತೆರೆಯಿರಿ. ಕೂಗಿದರೆ ಅಲಾರಂ ಸರಿ ಇದೆ. ಗಾಜು ಒಡೆದು ಕೈ ಹಾಕುವುದನ್ನೂ ಹಿಡಿಯಬೇಕಾದರೆ ಒಳಗೆ ಅಲ್ಟ್ರಾಸಾನಿಕ್ ಸೆನ್ಸರ್ ಬೇಕು. ಅದು ದುಬಾರಿ ಮಾದರಿಗಳಲ್ಲೇ ಜಾಸ್ತಿ. ಅದಿದ್ದವರು ಕಿಟಕಿ ಸಂದು ಬಿಟ್ಟು ಲಾಕ್ ಮಾಡಬೇಡಿ, ಒಳಗೆ ನುಗ್ಗುವ ಗಾಳಿಗೂ ಕೂಗುತ್ತದೆ.