ಒಂದೇ ಕಾಫಿ ತೋಟದಲ್ಲಿ ಬಂಧು ಜೇಡಗಳೆರಡು ಹೇಗೆ ಬಾಳುತ್ತವೆ?

ತೋಟ ಒಂದೇ ಆದರೂ ಅವು ಬಲೆ ಕಟ್ಟುವ ಜಾಗ ಬೇರೆ ಬೇರೆ. ಕೊಡಗಿನ ತೋಟಗಳಲ್ಲಿ ಕಣ್ಣಿಗೆ ಬೀಳುವ ನೆಫಿಲಾ ಪಿಲಿಪೆಸ್ (ಹೆಣ್ಣಿನ ಮೈ 3ರಿಂದ 5 ಸೆಂ.ಮೀ.) ಹೊಂಬಣ್ಣದ ನೂಲಿನಿಂದ ಗಿಡಮರಗಳ ನಡುವಿನ ತೆರಪಿಗೆ ಅಡ್ಡಲಾಗಿ ಬಲೆ ನೇಯುತ್ತದೆ. ಅಲ್ಲಿ ಹಾರಿ ಬರುವ ಹುಳುಗಳೇ ಅದಕ್ಕೆ ಊಟ.

ಅದೇ ಬಳಗದ ಹೆರೆನಿಯಾ ಮಲ್ಟಿಪಂಕ್ಟಾ ನೆರಳುಮರದ ಕಾಂಡಕ್ಕೆ, ಕೆಲವೊಮ್ಮೆ ಮನೆಗೋಡೆಗೂ, ತೀರಾ ಹತ್ತಿರವಾಗಿ ಬಲೆ ಕಟ್ಟುತ್ತದೆ. ಮರಿಯಾಗಿದ್ದಾಗ ಬಲೆ ಹೆಚ್ಚುಕಡಿಮೆ ದುಂಡಗಿರುತ್ತದೆ. ಜೇಡ ಬೆಳೆದಂತೆ ಕಾಂಡದ ಅಗಲ ಸಾಲದು. ಬಲೆ ಮೇಲೆ-ಕೆಳಗೆ ಉದ್ದವಾಗಿ ಏಣಿಯ ಆಕಾರಕ್ಕೆ ಬರುತ್ತದೆ. ಬಲೆಯ ನಡುಭಾಗ ತೊಗಟೆಗೇ ಅಂಟಿರುತ್ತದೆ. ಹಾಗಾಗಿ ಎರಡೂ ಬಲೆಗಳು ಒಂದು ಮಾರು ದೂರದಲ್ಲಿದ್ದರೂ ಒಂದರ ಬೇಟೆಯ ದಾರಿಗೆ ಇನ್ನೊಂದು ಅಷ್ಟಾಗಿ ಅಡ್ಡ ಬರುವುದಿಲ್ಲ.

ನೀವೇ ನೋಡಬೇಕೆಂದರೆ ಬೆಳಗಿನ ಇಬ್ಬನಿಯಲ್ಲಿ ಹೋಗಿ, ಇಲ್ಲವೇ ಸ್ಪ್ರೇ ಬಾಟಲಿಯಿಂದ ತೆಳ್ಳಗೆ ನೀರು ಸಿಂಪಡಿಸಿ. ನೆಲದಿಂದ ಬಲೆಯ ಎತ್ತರ, ಕಾಂಡದಿಂದ ಅದರ ದೂರ, ಎರಡನ್ನೂ ಅಳೆಯಿರಿ. ಎತ್ತರ ಮಾತ್ರ ಬರೆದುಕೊಂಡರೆ ಎರಡೂ ಒಂದೇ ಜಾಗದವು ಎಂದೇ ಕಾಣುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ಮರಿಗಳ ಲೆಕ್ಕವನ್ನು ಬೇರೆ ಇಡಿ.